ತಗ್ಗಿಸಿದ ಪಿಕಪ್ ಏಕೆ ನಡುಗುತ್ತದೆ?

ಹೊಂಡಗುಂಡಿಗಳ ರಸ್ತೆಯಲ್ಲಿ ಓಡುವ ಗಾಡಿ ನೆಲದಿಂದ ಎಷ್ಟು ಎತ್ತರದಲ್ಲಿದ್ದರೆ ಅಷ್ಟು ಒಳ್ಳೆಯದು ಎಂಬುದು ನಮ್ಮ ಕಡೆಯ ಲೆಕ್ಕ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ತೀರಾ ವಿರುದ್ಧವಾದ ಷೋಕಿಯೊಂದು ಎರಡನೆಯ ಮಹಾಯುದ್ಧದ ನಂತರದ ದಿನಗಳಿಂದ ನಡೆದು ಬಂದಿದೆ. ಅಲ್ಲಿನ ಮೆಕ್ಸಿಕನ್ ಮೂಲದ ಯುವಕರು ಕಾರಿನ ಡಿಕ್ಕಿಯಲ್ಲಿ ಮರಳಿನ ಚೀಲ ತುಂಬಿಯೋ, ಸ್ಪ್ರಿಂಗನ್ನು ಕತ್ತರಿಸಿಯೋ ಗಾಡಿಯನ್ನು ನೆಲಕ್ಕೆ ತಾಗುವಷ್ಟು ತಗ್ಗಿಸಿ, ಬೀದಿಯಲ್ಲಿ ನಿಧಾನವಾಗಿ ಮೆರೆಸುತ್ತಿದ್ದರು. ಚಕ್ರದ ರಿಮ್ಮಿನ ಕೆಳ ಅಂಚಿಗಿಂತ ಗಾಡಿಯ ಯಾವ ಭಾಗವೂ ಕೆಳಗಿರಕೂಡದೆಂದು ಆ ರಾಜ್ಯ ಕಾನೂನು ಮಾಡಿತು. ಬೇಕಾದಾಗ ಏರಿಸಿ ಇಳಿಸುವ ಹೈಡ್ರಾಲಿಕ್ ಪಂಪುಗಳನ್ನು ಜೋಡಿಸಿ ಯುವಕರು ಅದಕ್ಕೂ ಉತ್ತರ ಕೊಟ್ಟರು! ಆ ನಿರ್ಬಂಧ ರದ್ದಾದದ್ದು 2024ರ ಜನವರಿ 1ರಂದು. 1970 ಮತ್ತು 80ರ ದಶಕಗಳಲ್ಲಿ ಡಾಟ್ಸನ್, ಟೊಯೊಟಾ, ಮಜ್ದಾ ಕಂಪನಿಗಳ ಚಿಕ್ಕ ಪಿಕಪ್‌ಗಳೂ 1982ರ ಮಾದರಿಯಾಗಿ ಬಂದ ಶೆವರ್ಲೆ ಎಸ್-10 ಕೂಡ ಅಲ್ಲಿನ ಯುವಕರ ಕೈಗೆ ಬಂದಾಗ ಈ ಹುಚ್ಚು ಪಿಕಪ್‌ಗಳಿಗೂ ಹತ್ತಿತು.

ತಗ್ಗಿಸಿದ ಪಿಕಪ್ ಮನೆಯ ಮುಂದೆ ನಿಂತಿರುವಾಗ ನೋಡಲು ಚೆಂದ. ಕಷ್ಟ ಶುರುವಾಗುವುದು ಹೆದ್ದಾರಿಯಲ್ಲಿ. ವೇಗ ಗಂಟೆಗೆ 80-90 ಕಿಲೋಮೀಟರ್ ಮುಟ್ಟುತ್ತಿದ್ದಂತೆ ಸೀಟಿನಡಿಯಿಂದ ಗುಂಯ್ ಎಂಬ ಸದ್ದು, ಕಾಲಡಿಯ ತಗಡಿನಲ್ಲಿ ಸಣ್ಣ ನಡುಕ, ಕನ್ನಡಿಯಲ್ಲಿ ಕಾಣುವ ಹಿಂದಿನ ಗಾಡಿಗಳೆಲ್ಲ ಮಸುಕು. ಮಾಲೀಕ ಮೊದಲು ಚಕ್ರಗಳ ಬ್ಯಾಲೆನ್ಸಿಂಗ್ ಮಾಡಿಸುತ್ತಾನೆ. ಹೋಗಲಿಲ್ಲವೆಂದು ಟೈರನ್ನೇ ಬದಲಾಯಿಸುತ್ತಾನೆ. ಆಮೇಲೆ ಶಾಫ್ಟನ್ನು ಬಿಚ್ಚಿ ಅದಕ್ಕೂ ಬ್ಯಾಲೆನ್ಸಿಂಗ್ ಮಾಡಿಸುತ್ತಾನೆ, ಜಾಯಿಂಟಿಗೆ ಹೊಸ ಕ್ರಾಸ್ ಹಾಕಿಸುತ್ತಾನೆ. ಕೈಯಲ್ಲಿದ್ದ ಹಣವೆಲ್ಲ ಕರಗಿದರೂ ನಡುಕ ಕರಗುವುದಿಲ್ಲ. ಏಕೆಂದರೆ ಕೆಟ್ಟಿರುವುದು ಯಾವ ಬಿಡಿಭಾಗವೂ ಅಲ್ಲ. ಬಿಡಿಭಾಗಗಳ ನಡುವಿನ ಕೋನ. ಅದು ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಹೇಗೋ ಸಹಿಸಿಕೊಂಡು ಓಡಿಸಿದರಾಯಿತು ಎನ್ನುವಂತೆಯೂ ಇಲ್ಲ. ಗೇರ್‌ಬಾಕ್ಸಿನ ಹಿಂದಿನ ಬೇರಿಂಗು, ಎಣ್ಣೆ ಸೀಲುಗಳು ಸವೆಯುತ್ತವೆ. ಕೊನೆಗೊಂದು ದಿನ ಮುಂದಿನ ಕ್ರಾಸ್ ಮುರಿದು ಶಾಫ್ಟಿನ ತುದಿ ರಸ್ತೆಗೆ ಬಿದ್ದರೆ, ಓಡುತ್ತಿರುವ ಗಾಡಿಯ ಹೊಟ್ಟೆಯಡಿ ಹಾರೆ ನೆಟ್ಟಂತಾಗುತ್ತದೆ.

ಈ ಕೋನದ ವಿಷಯ ತಿಳಿಯಬೇಕಾದರೆ ಗಾಡಿಯ ಅಡಿಭಾಗವನ್ನೊಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. ಎಂಜಿನ್ನು, ಗೇರ್‌ಬಾಕ್ಸು ಮುಂದೆ; ಓಡಿಸಬೇಕಾದ ಚಕ್ರಗಳು ಹಿಂದೆ. ನಡುವೆ ಶಕ್ತಿಯನ್ನು ಒಯ್ಯುವ ಉದ್ದನೆಯ ಉಕ್ಕಿನ ಕೊಳವೆಯೇ ಪ್ರೊಪೆಲ್ಲರ್ ಶಾಫ್ಟ್. ನಿಲ್ದಾಣದಲ್ಲಿ ನಿಂತ ಹಳೆಯ ಲಾರಿಯ ಅಡಿಯಲ್ಲಿ ದೂರದಿಂದಲೇ ಬಗ್ಗಿ ನೋಡಿದರೂ ಇದು ಕಾಣುತ್ತದೆ. ಗೇರ್‌ಬಾಕ್ಸು ಚಾಸಿಗೆ ಬಿಗಿದದ್ದು, ಹೆಚ್ಚು ಅಲುಗುವುದಿಲ್ಲ. ಹಿಂದಿನ ಆಕ್ಸಲ್ ಮಾತ್ರ ಕಮಾನು ಪಟ್ಟಿಗಳ ಮೇಲೆ ಸದಾ ಮೇಲೆ ಕೆಳಗೆ ಆಡುತ್ತಿರುತ್ತದೆ. ಆದ್ದರಿಂದ ಶಾಫ್ಟಿನ ಎರಡೂ ತುದಿಗಳಲ್ಲಿ ಬಾಗುತ್ತಲೇ ತಿರುಗಬಲ್ಲ ಕೀಲು ಬೇಕು. ಆ ಕೀಲೇ ಯೂನಿವರ್ಸಲ್ ಜಾಯಿಂಟ್: ಎದುರು ಬದುರಾದ ಎರಡು ಕವೆಗಳು, ಅವನ್ನು ಬೆಸೆಯುವ, ಗಣಿತದ ಕೂಡಿಸುವ ಚಿಹ್ನೆಯಂಥ ಒಂದು ಉಕ್ಕಿನ ತುಂಡು. ಗ್ಯಾರೇಜಿನವರು ಇದನ್ನೇ ಕ್ರಾಸ್ ಎನ್ನುತ್ತಾರೆ.

ಕೆಲವರು ಇದಕ್ಕೆ ಇಟಲಿಯ ಗೆರೊಲಾಮೊ ಕಾರ್ಡಾನೊ (1501-1576) ಹೆಸರಿಟ್ಟು ಕಾರ್ಡನ್ ಜಾಯಿಂಟ್ ಎನ್ನುತ್ತಾರೆ, ಕೆಲವರು ಇಂಗ್ಲೆಂಡಿನ ರಾಬರ್ಟ್ ಹುಕ್ (1635-1703) ಹೆಸರಿನಲ್ಲಿ ಹುಕ್ ಜಾಯಿಂಟ್ ಎನ್ನುತ್ತಾರೆ. ಪಿ.ಯು.ಸಿ. ಭೌತಶಾಸ್ತ್ರದಲ್ಲಿ ಸ್ಪ್ರಿಂಗಿನ ಎಳೆತಕ್ಕೂ ಬಲಕ್ಕೂ ಇರುವ ಸಂಬಂಧವನ್ನು ಓದುತ್ತೇವಲ್ಲ, ಆ ಹುಕ್‌ನೇ ಈತ. ಸೂರ್ಯನನ್ನು ಕಣ್ಣಿಗೆ ಅಪಾಯವಿಲ್ಲದೆ ನೋಡುವ ಉಪಕರಣಗಳ ಬಗ್ಗೆ 1676ರಲ್ಲಿ ಅವನು ಪ್ರಕಟಿಸಿದ ಚಿಕ್ಕ ಪುಸ್ತಕದಲ್ಲಿ ಈ ಕೀಲಿನ ವಿವರಣೆಯಿದೆ. ಅದೇ ಪುಸ್ತಕದಲ್ಲಿ ಸ್ಪ್ರಿಂಗಿನ ನಿಯಮವೂ ಇದೆ, ಆದರೆ ಒಗಟಿನ ರೂಪದಲ್ಲಿ. ಬೇರೆಯವರು ಕದಿಯದಿರಲೆಂದು ಲ್ಯಾಟಿನ್ ವಾಕ್ಯದ ಅಕ್ಷರಗಳನ್ನು ಕಲಸಿ ಅಚ್ಚುಹಾಕಿಸಿದ ಹುಕ್, ಬಿಡಿಸಿ ಹೇಳಿದ್ದು 1678ರಲ್ಲಿ. ಪಿಕಪ್ಪಿನ ಹಿಂಭಾಗವನ್ನು ಹೊತ್ತಿರುವ ಕಮಾನು ಪಟ್ಟಿಯ ನಿಯಮ, ಅದಕ್ಕೆ ಶಕ್ತಿ ತರುವ ಶಾಫ್ಟಿನ ಕೀಲು, ಎರಡೂ ಸುಮಾರು ಮುನ್ನೂರೈವತ್ತು ವರ್ಷಗಳ ಹಿಂದಿನ ಒಂದೇ ಪುಸ್ತಕದಲ್ಲಿ!

ಆದರೆ ಈ ಕೀಲಿಗೊಂದು ದುರ್ಗುಣವಿದೆ. ಒಂದು ಕಡೆ ಏಕರೂಪ ವೇಗದಲ್ಲಿ ತಿರುಗಿಸಿದರೂ ಇನ್ನೊಂದು ಕಡೆ ಏಕರೂಪವಾಗಿ ತಿರುಗುವುದಿಲ್ಲ. ಒಂದು ಬಳೆಯನ್ನು ಕಣ್ಣಿನ ನೇರಕ್ಕೆ ಹಿಡಿದರೆ ವೃತ್ತ. ಸ್ವಲ್ಪ ಓರೆ ಮಾಡಿದರೆ ದೀರ್ಘವೃತ್ತ. ಬಳೆಯ ಮೇಲೆ ಸಮಾನ ಅಂತರದಲ್ಲಿ ಹನ್ನೆರಡು ಚುಕ್ಕೆ ಇಟ್ಟಿದ್ದರೆ, ಓರೆ ಮಾಡಿದಾಗ ಕೆಲವು ಒತ್ತಾಗಿ, ಕೆಲವು ದೂರ ದೂರವಾಗಿ ಕಾಣುತ್ತವೆ. ಬಾಗಿದ ಕೀಲಿನಲ್ಲಿ ನಡೆಯುವುದೂ ಇದೇ. ಎರಡನೆಯ ಕವೆಯ ತುದಿಗಳು ತಿರುಗುವ ವೃತ್ತ ಮೊದಲನೆಯ ಕವೆಗೆ ಓರೆ ಬಳೆ. ಹೀಗಾಗಿ ಪ್ರತಿ ಸುತ್ತಿನಲ್ಲಿ ಎರಡು ಸಲ ಮುಂದೋಡುತ್ತದೆ, ಎರಡು ಸಲ ಹಿಂದುಳಿಯುತ್ತದೆ. ಹುಕ್‌ಗೆ ಇದು ಗೊತ್ತಿತ್ತು. ದೋಷವೆಂದು ಕೈಬಿಡದೆ ಅವನು ಅದರಲ್ಲೂ ಒಂದು ಉಪಯೋಗ ಕಂಡ. ನೆಲದ ಮೇಲಿನ ನೆರಳು ಗಡಿಯಾರದಲ್ಲಿ ಸೂರ್ಯ ಒಂದೇ ವೇಗದಲ್ಲಿ ಸಾಗಿದರೂ ನೆರಳು ಒಂದೇ ವೇಗದಲ್ಲಿ ಸಾಗುವುದಿಲ್ಲ. ಆ ಏರುಪೇರಿಗೂ ಈ ಕೀಲಿನ ಏರುಪೇರಿಗೂ ಒಂದೇ ಸಮೀಕರಣ!

ಬಾಕ್ಸ್ ಸ್ಪ್ಯಾನರ್ ಸೆಟ್ಟಿನಲ್ಲಿ ಬಾಗುವ ಜಾಯಿಂಟೊಂದು ಇರುತ್ತದೆ. ಅದನ್ನು ಸುಮಾರು 45 ಡಿಗ್ರಿ ಬಾಗಿಸಿ, ಎರಡೂ ತುದಿಗೆ ರಟ್ಟಿನ ಕೋನಮಾಪಕ ಅಂಟಿಸಿ ತಿರುಗಿಸಿ ನೋಡಿ. ಒಂದು ತುದಿ 45 ಡಿಗ್ರಿ ತಿರುಗಿದಾಗ ಇನ್ನೊಂದು ಸುಮಾರು 35 ಡಿಗ್ರಿಯಲ್ಲೇ ಇರುತ್ತದೆ, ಇಲ್ಲವೆ 55ಕ್ಕೆ ಹೋಗಿರುತ್ತದೆ. ಯಾವುದೆಂಬುದು ನೀವು ಕವೆ ಯಾವ ದಿಕ್ಕಿಗಿದ್ದಾಗ ಶುರು ಮಾಡಿದಿರಿ ಎಂಬುದರ ಮೇಲಿದೆ. 90 ಡಿಗ್ರಿಗೆ ಬರುವಷ್ಟರಲ್ಲಿ ಎರಡೂ ಮತ್ತೆ ಜೊತೆಯಾಗುತ್ತವೆ.

ಪಿಕಪ್ಪಿನಲ್ಲಿ ಬಾಗು ಇಷ್ಟು ದೊಡ್ಡದಲ್ಲ. ಶಾಫ್ಟು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಳ್ಳಿ. ಕೀಲಿನ ಬಾಗು 3 ಡಿಗ್ರಿ ಇದ್ದರೆ ಆಚೆಯ ವೇಗ ಸುಮಾರು 2996ರಿಂದ 3004ರವರೆಗೆ ಏರಿಳಿಯುತ್ತದೆ. ಬಾಗು 7 ಡಿಗ್ರಿಯಾದರೆ 2978ರಿಂದ 3022. ಕೋಸೈನ್ ಕೋಷ್ಟಕ ಹಿಡಿದು ಮಕ್ಕಳು ತಾವೇ ಪರೀಕ್ಷಿಸಬಹುದು: ಕನಿಷ್ಠ ವೇಗಕ್ಕೆ 3000ವನ್ನು ಬಾಗಿನ ಕೋಸೈನಿನಿಂದ ಗುಣಿಸಬೇಕು, ಗರಿಷ್ಠಕ್ಕೆ ಭಾಗಿಸಬೇಕು. ಬಾಗು ಇಮ್ಮಡಿಯಾದರೆ ಏರುಪೇರು ಇಮ್ಮಡಿಯಾಗುವುದಿಲ್ಲ, ಸುಮಾರು ನಾಲ್ಕು ಪಟ್ಟಾಗುತ್ತದೆ. ವೇಗ ಇಮ್ಮಡಿಯಾದಾಗಲೂ ಕುಲುಕಾಟದ ಬಲ ನಾಲ್ಕು ಪಟ್ಟು. ಊರೊಳಗೆ ಸುಮ್ಮನಿರುವ ಗಾಡಿ ಹೆದ್ದಾರಿಯಲ್ಲಿ ನಡುಗುವುದು ಇದರಿಂದಲೇ.

ಟೈರಿನ ನಡುಕವೋ ಕೋನದ ನಡುಕವೋ ಎಂದು ತಿಳಿಯಲು ಏನನ್ನೂ ಬಿಚ್ಚಬೇಕಾಗಿಲ್ಲ. ಟೈರಿನ ವ್ಯಾಸ 65 ಸೆಂಟಿಮೀಟರ್ ಎಂದರೆ ಸುತ್ತಳತೆ ಸುಮಾರು 2.04 ಮೀಟರ್. ಗಂಟೆಗೆ 100 ಕಿಲೋಮೀಟರ್ ಎಂದರೆ ಸೆಕೆಂಡಿಗೆ 27.8 ಮೀಟರ್. ಚಕ್ರ ಸೆಕೆಂಡಿಗೆ 13.6 ಸುತ್ತು ತಿರುಗುತ್ತದೆ. ಕ್ರೌನ್ ಮತ್ತು ಪಿನಿಯನ್ ಹಲ್ಲುಗಳ ಅನುಪಾತ 3.7 ಆಗಿದ್ದರೆ ಶಾಫ್ಟು 50 ಸುತ್ತು. ಟೈರಿನ ದೋಷವಾದರೆ ಸೆಕೆಂಡಿಗೆ ಹದಿಮೂರು ಹದಿನಾಲ್ಕು ಸಲ ಸೀಟನ್ನು ಅಲ್ಲಾಡಿಸುತ್ತದೆ, ಮೈಗೆ ಬಡಿತದಂತೆ ತಿಳಿಯುತ್ತದೆ. ಶಾಫ್ಟಿನ ತೂಕ ಒಂದು ಕಡೆಗಿದ್ದರೆ 50 ಸಲ. ಕೋನದ ದೋಷ ಸುತ್ತಿಗೆ ಎರಡು ಸಲ, ಅಂದರೆ 100 ಸಲ. ಅದು ಬಡಿತವಲ್ಲ, ಗುಂಯ್‌ಗಾಟ. ರಸ್ತೆಬದಿಯ ವಿದ್ಯುತ್ ಟ್ರಾನ್ಸ್‌ಫಾರ್ಮರಿನ ಸದ್ದು ಎಲ್ಲರೂ ಕೇಳಿರುವಂಥದು. ನಮ್ಮ ವಿದ್ಯುತ್ತು 50 ಆವರ್ತದ್ದಾದ್ದರಿಂದ ಆ ಸದ್ದೂ ಸೆಕೆಂಡಿಗೆ 100 ಕಂಪನದ್ದೇ. ಅದೇ ವೇಗದಲ್ಲಿ ಗೇರ್ ಬದಲಾಯಿಸಿದರೂ ಗುಂಯ್‌ಗಾಟ ಹಾಗೇ ಇದ್ದರೆ ಎಂಜಿನ್ನಿನ ದೋಷವಲ್ಲವೆಂದು ಖಚಿತ. ಆಕ್ಸಲರೇಟರ್ ಒತ್ತಿದಾಗ ಹೆಚ್ಚಿ, ಬಿಟ್ಟಾಗ ಬದಲಾದರೆ ಕೋನದ ಮೇಲಿನ ಅನುಮಾನ ಬಲವಾಗುತ್ತದೆ. ಅದರ ಕಾರಣ ಮುಂದೆ ಬರುತ್ತದೆ.

ಕೀಲು ಹೀಗೆ ತೊದಲುವುದಾದರೆ ಎಲ್ಲ ಲಾರಿಗಳೂ ನಡುಗಬೇಕಲ್ಲ? ನಡುಗುವುದಿಲ್ಲ. ಶಾಫ್ಟಿಗೆ ಎರಡು ಕೀಲು. ಮೊದಲನೆಯದು ಮಾಡಿದ ಏರುಪೇರನ್ನು ಎರಡನೆಯದು ತಿರುವುಮುರುವಾಗಿ ಮಾಡಿ ಅಳಿಸಿಬಿಡುತ್ತದೆ. ನಡುವಿನ ಶಾಫ್ಟು ತೊದಲುತ್ತಲೇ ತಿರುಗುತ್ತದೆ, ಆದರೆ ಆಕ್ಸಲಿಗೆ ತಲುಪುವ ತಿರುಗಾಟ ನಯವಾಗಿರುತ್ತದೆ. ಇದಕ್ಕೆ ಎರಡು ಷರತ್ತು. ಶಾಫ್ಟಿನ ಎರಡು ತುದಿಯ ಕವೆಗಳು ಒಂದೇ ಸಮತಲದಲ್ಲಿರಬೇಕು. ಎರಡೂ ಕೀಲುಗಳ ಬಾಗು ಸಮವಾಗಿರಬೇಕು. ಗಮನಿಸಿ: ಬಾಗು ಸೊನ್ನೆಯಾಗಿರಬೇಕು ಎಂದಲ್ಲ, ಸಮವಾಗಿರಬೇಕು. ಗಾಡಿ ತಗ್ಗಿಸುವವರು ಎಡವುವುದು ಇಲ್ಲೇ. ಎಲ್ಲವನ್ನೂ ನೇರ ಮಾಡಲು ಹೋಗಿ ಒಂದನ್ನು ನೇರ ಮಾಡುತ್ತಾರೆ, ಇನ್ನೊಂದು ಒಂಟಿಯಾಗಿ ತೊದಲುತ್ತದೆ.

ಇನ್ನು ತಗ್ಗಿಸುವ ಕೆಲಸ. ಬಹುತೇಕ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ ಕಮಾನು ಪಟ್ಟಿಯ ಕೆಳಗಿರುತ್ತದೆ. ತಗ್ಗಿಸುವವರು ಅದನ್ನು ಬಿಚ್ಚಿ ಪಟ್ಟಿಯ ಮೇಲೆ ಕೂರಿಸುತ್ತಾರೆ. ಇಷ್ಟರಿಂದಲೇ ಗಾಡಿಯ ಹಿಂಭಾಗ ಐದು ಅಂಗುಲದಷ್ಟು ಇಳಿಯುತ್ತದೆ. ಆಕ್ಸಲ್ ಚಾಸಿಗೆ ಬಡಿಯದಂತೆ ಚಾಸಿಯಲ್ಲಿ ಕಚ್ಚು ಮಾಡಿ ಬಲಪಡಿಸುವ ಕೆಲಸವೂ ಇದೆ, ಅದು ಬೇರೆಯೇ ಅಧ್ಯಾಯ. ಶಾಫ್ಟಿನ ದೃಷ್ಟಿಯಿಂದ ನಡೆದದ್ದು ಇಷ್ಟು: ಅದರ ಹಿಂದಿನ ತುದಿ ಗೇರ್‌ಬಾಕ್ಸಿಗೆ ಹೋಲಿಸಿದರೆ ಐದು ಅಂಗುಲ ಮೇಲೆ ಬಂತು.

ಒಂದು ಮಾದರಿ ಲೆಕ್ಕ ನೋಡಿ. ಗೇರ್‌ಬಾಕ್ಸು ಹಿಂದಕ್ಕೆ 3 ಡಿಗ್ರಿ ಇಳಿಜಾರು. ಆಕ್ಸಲಿನ ಪಿನಿಯನ್ ಮೂತಿಯೂ ಅದಕ್ಕೆ ಸಮಾಂತರವಾಗಿ 3 ಡಿಗ್ರಿ ಮೇಲ್ಮುಖ. ನಡುವಿನ ಶಾಫ್ಟು 5 ಡಿಗ್ರಿ ಇಳಿಜಾರು. ಎರಡೂ ಕೀಲುಗಳ ಬಾಗು 2 ಡಿಗ್ರಿ, ಸರಿಸಮ. ಶಾಫ್ಟು ಸುಮಾರು 1.4 ಮೀಟರ್ ಉದ್ದವಿದ್ದರೆ ಐದು ಅಂಗುಲ ಎತ್ತಿದಾಗ ಅದರ ಇಳಿಜಾರು ಹೆಚ್ಚು ಕಡಿಮೆ 5 ಡಿಗ್ರಿ ಕಡಿಮೆಯಾಗಿ ಸೊನ್ನೆಗೆ ಬರುತ್ತದೆ. ಈಗ ಮುಂದಿನ ಕೀಲಿನ ಬಾಗು 3 ಡಿಗ್ರಿ. ಪಿನಿಯನ್ ಮೂತಿ ಮೊದಲಿನ ಹಾಗೆಯೇ ಇದ್ದಿದ್ದರೆ ಹಿಂದಿನದೂ 3 ಡಿಗ್ರಿ, ತಂಟೆಯೇ ಇರುತ್ತಿರಲಿಲ್ಲ. ಗೇರ್‌ಬಾಕ್ಸೂ ಪಿನಿಯನ್ನೂ ಸಮಾಂತರವಾಗಿರುವಷ್ಟು ಹೊತ್ತು ಆಕ್ಸಲ್ ಎಷ್ಟೇ ಏರಿ ಇಳಿದರೂ ಎರಡು ಬಾಗುಗಳು ಒಟ್ಟಿಗೇ ಬದಲಾಗುತ್ತವೆ. ವಾಹನ ತಯಾರಿಸುವವರು ಈ ಸಮಾಂತರ ಜೋಡಣೆಯನ್ನು ಮೆಚ್ಚುವುದಕ್ಕೆ ಇದೇ ಕಾರಣ.

ಆದರೆ ಆಕ್ಸಲನ್ನು ಬಿಚ್ಚಿ ಹೊಸ ಆಸನದ ಮೇಲೆ ಕೂರಿಸುವಾಗ ಅದು ಕೊಳವೆಯಂತೆ ಸ್ವಲ್ಪ ಉರುಳಿರುತ್ತದೆ. ಮೂತಿ 7 ಡಿಗ್ರಿ ಮೇಲಕ್ಕೆ ತಿರುಗಿ ಕುಳಿತಿದೆ ಎನ್ನಿ. ಮುಂದಿನ ಬಾಗು 3, ಹಿಂದಿನದು 7. ಕೂಡಿ ಕಳೆಯಬೇಕಾದ ಲೆಕ್ಕದಲ್ಲಿ ಬಾಕಿ ಉಳಿಯಿತು. ಆ ಬಾಕಿಯೇ ಸೀಟಿನಡಿಯ ಗುಂಯ್‌ಗಾಟ.

ಆದ್ದರಿಂದ ಬಿಡಿಭಾಗ ಕೊಳ್ಳುವ ಮೊದಲು ಅಳೆಯಬೇಕು. ಇದಕ್ಕೆ ಕಬ್ಬಿಣಕ್ಕೆ ಅಂಟಿಕೊಳ್ಳುವ ಅಯಸ್ಕಾಂತದ ಕೋನಮಾಪಕ ಸಿಗುತ್ತದೆ. ಶಾಲೆಯ ಕೋನಮಾಪಕಕ್ಕೆ ದಾರದಲ್ಲಿ ತೂಗುಗುಂಡು ಕಟ್ಟಿದರೂ ತತ್ವ ಅದೇ. ಗೇರ್‌ಬಾಕ್ಸಿನ ಹಿಂಬದಿ, ಶಾಫ್ಟು, ಪಿನಿಯನ್ ಮೂತಿ, ಮೂರು ಕಡೆ ಅಳತೆ ತೆಗೆದು ಕಳೆದರೆ ಎರಡು ಬಾಗುಗಳು ಸಿಗುತ್ತವೆ. ನೆಲ ತುಸು ಓರೆಯಿದ್ದರೂ ಚಿಂತೆಯಿಲ್ಲ, ಬೇಕಾದದ್ದು ವ್ಯತ್ಯಾಸ ಮಾತ್ರ. ಆದರೆ ಗಾಡಿಯ ಭಾರವೆಲ್ಲ ಚಕ್ರಗಳ ಮೇಲೇ ಇರಬೇಕು. ಚಾಸಿಗೆ ಜಾಕ್ ಕೊಟ್ಟು ಎತ್ತಿ ಅಳೆದರೆ ಆಕ್ಸಲ್ ಜೋತುಬಿದ್ದು ಅಳತೆಯೆಲ್ಲ ಸುಳ್ಳಾಗುತ್ತದೆ. ಜಾಕ್ ಒಂದನ್ನೇ ನಂಬಿ ಗಾಡಿಯ ಅಡಿ ನುಸುಳುವುದಂತೂ ಯಾರೂ ಮಾಡಬಾರದ ಕೆಲಸ. ಗುಂಡಿಯಿರುವ ಗ್ಯಾರೇಜಿನಲ್ಲಿ, ತಿಳಿದವರು ಅಳೆಯಬೇಕಾದದ್ದು ಇದು.

ಪರಿಹಾರ ಅಗ್ಗದ್ದು. ಆಕ್ಸಲಿನ ಆಸನಕ್ಕೂ ಕಮಾನು ಪಟ್ಟಿಗೂ ನಡುವೆ ಒಂದು ಬೆಣೆ. ಎರಡು, ನಾಲ್ಕು, ಆರು ಡಿಗ್ರಿಯ ಬೆಣೆಗಳು ಅಲ್ಲಿ ಅಂಗಡಿಯಲ್ಲೇ ದೊರೆಯುತ್ತವೆ. ಅಲ್ಯೂಮಿನಿಯಮ್ ಬೆಣೆ ಕಾಲಕ್ರಮದಲ್ಲಿ ಜಜ್ಜಿ ಒಡೆಯುವುದರಿಂದ ಉಕ್ಕಿನದೇ ಲೇಸು. ಹಾಕುವ ದಿಕ್ಕಿನಲ್ಲಿ ಮಾತ್ರ ಒಂದು ಬಲೆಯಿದೆ. ಆಕ್ಸಲ್ ಪಟ್ಟಿಯ ಕೆಳಗಿದ್ದಾಗ ಮೂತಿಯನ್ನು ತಗ್ಗಿಸಲು ಬೆಣೆಯ ದಪ್ಪ ತುದಿ ಮುಂದಕ್ಕಿರಬೇಕು. ಆಕ್ಸಲ್ ಪಟ್ಟಿಯ ಮೇಲೆ ಬಂದ ಮೇಲೆ ಅದು ತಲೆಕೆಳಗು: ದಪ್ಪ ತುದಿ ಹಿಂದಕ್ಕಿರಬೇಕು. ಹಳೆಯ ಅಭ್ಯಾಸದಂತೆ ಹಾಕಿದವನ ಗಾಡಿ 7 ಡಿಗ್ರಿಯಿಂದ 3ಕ್ಕೆ ಬರುವ ಬದಲು 11ಕ್ಕೆ ಹೋಗುತ್ತದೆ! ಕಾಗದದ ಮೇಲೆ ಚಿತ್ರ ಬರೆದುಕೊಂಡರೆ ಅರ್ಧ ನಿಮಿಷದಲ್ಲಿ ತಿಳಿಯುವ ವಿಷಯ. ಬೆಣೆಯ ದಪ್ಪಕ್ಕೆ ತಕ್ಕಂತೆ ಸೆಂಟರ್ ಬೋಲ್ಟ್ ಉದ್ದವಾಗಬೇಕು, ಯು-ಬೋಲ್ಟ್‌ಗಳು ಹೊಸವಾಗಬೇಕು.

ಮಾದರಿ ಲೆಕ್ಕದ ಗಾಡಿಗೆ ನಾಲ್ಕು ಡಿಗ್ರಿ ಬೆಣೆ ಹಾಕಿದರೆ 3-3 ಸಮವಾಯಿತಲ್ಲ? ಅನುಭವಸ್ಥರು ಅದಕ್ಕಿಂತ ಒಂದು ಡಿಗ್ರಿಯಷ್ಟು ಹೆಚ್ಚೇ ತಗ್ಗಿಸುತ್ತಾರೆ. ನ್ಯೂಟನ್ನನ ಮೂರನೆಯ ನಿಯಮ ಇಲ್ಲಿ ಕೈ ಹಾಕುತ್ತದೆ. ಆಕ್ಸಲ್ ಚಕ್ರಗಳನ್ನು ಮುಂದಕ್ಕೆ ತಿರುಗಿಸುವಾಗ ಅದರ ಕವಚ ಹಿಮ್ಮುಖವಾಗಿ ಉರುಳಲು ನೋಡುತ್ತದೆ. ಕಮಾನು ಪಟ್ಟಿ ಸ್ವಲ್ಪ ತಿರುಚಿ, ಮೂತಿ ಮೇಲೇಳುತ್ತದೆ. ನಿಂತಾಗ 2 ಡಿಗ್ರಿ ಇದ್ದದ್ದು ಹೆದ್ದಾರಿಯ ಎಳೆತದಲ್ಲಿ 3ರ ಹತ್ತಿರ ಬರುತ್ತದೆ. ಆಕ್ಸಲರೇಟರ್ ಒತ್ತಿದಾಗ ನಡುಕ ಬದಲಾಗುವುದು ಏಕೆಂಬುದಕ್ಕೂ ಉತ್ತರ ಇದೇ. ಎರಡು ಬಾಗುಗಳ ವ್ಯತ್ಯಾಸ ಒಂದು ಡಿಗ್ರಿಯೊಳಗೆ, ಒಂದೊಂದು ಬಾಗೂ 3 ಡಿಗ್ರಿಯೊಳಗೆ ಇದ್ದರೆ ಸಾಮಾನ್ಯವಾಗಿ ಗಾಡಿ ಸುಖವಾಗಿರುತ್ತದೆ.

ಉದ್ದನೆಯ ಪಿಕಪ್‌ಗಳ ಕಥೆ ಸ್ವಲ್ಪ ತೊಡಕು. ಅವುಗಳಲ್ಲಿ ಶಾಫ್ಟು ಎರಡು ತುಂಡು, ನಡುವೆ ಚಾಸಿಗೆ ನೇತುಹಾಕಿದ ಸೆಂಟರ್ ಬೇರಿಂಗು, ಕೀಲುಗಳು ಮೂರು. ಗಾಡಿ ತಗ್ಗಿದಾಗ ಮುಂದಿನ ತುಂಡು ಇದ್ದಲ್ಲೇ ಇರುತ್ತದೆ, ಪೂರಾ ಐದು ಅಂಗುಲದ ಬಾಗೆಲ್ಲ ಹಿಂದಿನ ಗಿಡ್ಡ ತುಂಡಿನ ಮೇಲೇ ಬೀಳುತ್ತದೆ. ಮೂರು ಬೆಸ ಸಂಖ್ಯೆ, ಜೋಡಿಯಾಗುವುದಿಲ್ಲ. ಆದ್ದರಿಂದ ಮೊದಲನೆಯ ಕೀಲಿನ ಬಾಗನ್ನು ಒಂದು ಡಿಗ್ರಿಯ ಆಸುಪಾಸಿಗೆ ಇಳಿಸಿ, ಉಳಿದೆರಡನ್ನು ಸಮ ಮಾಡುತ್ತಾರೆ. ಬೇರಿಂಗಿನ ಬೋಲ್ಟುಗಳಡಿ ಪಟ್ಟಿ ಕೊಟ್ಟೋ ತೆಗೆದೋ ಅದನ್ನು ಏರಿಸಿ ಇಳಿಸುವುದು, ಗೇರ್‌ಬಾಕ್ಸಿನ ಆಧಾರದಡಿ ತೆಳು ತಗಡು ಇಡುವುದು, ಹಿಂದೆ ಬೆಣೆ ಹಾಕುವುದು. ಒಂದನ್ನು ಮುಟ್ಟಿದರೆ ಇನ್ನೊಂದು ಬದಲಾಗುವುದರಿಂದ ತಾಳ್ಮೆ ಬೇಕು.

ಎಲ್ಲ ಬಾಗನ್ನೂ ಸೊನ್ನೆ ಮಾಡಿದರೆ ಈ ರಗಳೆಯೇ ಇರುವುದಿಲ್ಲವಲ್ಲ ಎಂದು ಚುರುಕಿನ ಹುಡುಗರು ಕೇಳಬಹುದು. ಕ್ರಾಸಿನ ತೋಳುಗಳ ಸುತ್ತ ಸೂಜಿಯಂಥ ಸಣ್ಣ ಉರುಳೆಗಳಿವೆ. ಬಾಗು ಇದ್ದರೆ ಅವು ಪ್ರತಿ ಸುತ್ತಿನಲ್ಲೂ ಅತ್ತಿತ್ತ ಉರುಳಿ ಗ್ರೀಸನ್ನು ಹರಡಿಕೊಳ್ಳುತ್ತವೆ. ಬಾಗು ಸೊನ್ನೆಯಾದರೆ ನಿಂತಲ್ಲೇ ನಿಂತು, ಭಾರವನ್ನೆಲ್ಲ ಒಂದೇ ಗೆರೆಯ ಮೇಲೆ ಹೊತ್ತು, ತೋಳಿನ ಉಕ್ಕಿನಲ್ಲಿ ತೋಡು ಮಾಡುತ್ತವೆ. ಅರ್ಧ ಡಿಗ್ರಿಯಾದರೂ ಬಾಗು ಇರಲೇಬೇಕು.

ನಮ್ಮಲ್ಲಿ ಪಿಕಪ್ ತಗ್ಗಿಸುವ ಷೋಕಿ ಅಪರೂಪ. ಇರಬಾರದು ಕೂಡ: ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಾಯಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ತಡೆಯುತ್ತದೆ. ಬೈಕಿಗೋ ಕಾರಿಗೋ ಏನೇನೋ ಮಾಡಿಸಲು ಹಟ ಹಿಡಿಯುವ ಮಕ್ಕಳ ತಂದೆತಾಯಿಯರಿಗೆ ಇದು ನೆನಪಿನಲ್ಲಿರಲಿ. ಆದರೆ ಬೊಲೆರೊ ಪಿಕಪ್ಪಿಗೋ ಟಾಟಾ 407ಕ್ಕೋ ಮಿತಿಮೀರಿ ಹೇರು ಹೇರಿದಾಗ ಪಟ್ಟಿಗಳು ಚಪ್ಪಟೆಯಾಗಿ ಆಕ್ಸಲ್ ಚಾಸಿಯತ್ತ ಏರುತ್ತದೆ. ಕ್ಯಾಲಿಫೋರ್ನಿಯಾದವರು ಕಷ್ಟಪಟ್ಟು ಮಾಡುವುದು ಇಲ್ಲಿ ಕಬ್ಬಿನ ಹೊರೆಯೋ ಜಲ್ಲಿಯೋ ಮಾಡಿಬಿಡುತ್ತದೆ. ಹೇರು ತಾಳಲೆಂದು ಪಟ್ಟಿ ಹೆಚ್ಚಿಸಿದರೆ ಖಾಲಿ ಗಾಡಿಯಲ್ಲಿ ಆಕ್ಸಲ್ ಕೆಳಗಿಳಿದು ಬಾಗು ಹೆಚ್ಚುತ್ತದೆ. ಖಾಲಿಯಿದ್ದಾಗ ಗುಂಯ್‌ಗುಟ್ಟಿ, ತುಂಬಿದಾಗ ಸುಮ್ಮನಾಗುವ ಗಾಡಿಯ ಟೈರನ್ನು ದೂರುವ ಮೊದಲು ಮಾಲೀಕರು ಅದರ ಕೋನಗಳನ್ನು ಅಳೆಸುವುದು ಒಳ್ಳೆಯದು.

ಅಳತೆಯೆಲ್ಲ ಸರಿಯಿದ್ದೂ ನಡುಕ ಹೋಗದಿದ್ದರೆ ಮೊದಲನೆಯ ಷರತ್ತನ್ನು ನೆನೆಯಬೇಕು. ಜಾರುವ ಹಲ್ಲುಗಳಿಂದ ಜೋಡಿಸಿದ ಎರಡು ಭಾಗಗಳ ಶಾಫ್ಟನ್ನು ಬಿಚ್ಚಿ ಸೇರಿಸುವಾಗ ಹಲ್ಲು ತಪ್ಪಿದರೆ ಕವೆಗಳು ಒಂದೇ ಸಮತಲದಲ್ಲಿ ಉಳಿಯುವುದಿಲ್ಲ. ಆಮೇಲೆ ಯಾವ ಬೆಣೆಯೂ ನೆರವಾಗುವುದಿಲ್ಲ. ಅದಕ್ಕೇ ಒಳ್ಳೆಯ ಮೆಕ್ಯಾನಿಕ್ ಶಾಫ್ಟಿಗೆ ಕೈ ಹಾಕುವ ಮೊದಲು ಎರಡೂ ಭಾಗಗಳ ಮೇಲೆ ಬಣ್ಣದಲ್ಲಿ ಒಂದು ಗೆರೆ ಎಳೆಯುತ್ತಾನೆ. ಬೆಣೆ ಹಾಕಿದ ಗಾಡಿ ಒಂದೆರಡು ನೂರು ಕಿಲೋಮೀಟರ್ ಓಡಿ ಬಂದ ಮೇಲೆ ಅದರ ಯು-ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿಯುತ್ತಾನೆ, ಕೋನಮಾಪಕವನ್ನೂ ಇನ್ನೊಮ್ಮೆ ಇಟ್ಟು ನೋಡುತ್ತಾನೆ.